ಡೈಪರ್ ಧರಿಸುವ ಹಿರಿಯರ ಚರ್ಮರಕ್ಷಣೆ

ಕಳೆದ ಕಾರ್ತಿಕ ಮಾಸದಲ್ಲಿ ವಿಲ್ಸನ್ ಗಾರ್ಡನ್ನಿನ ನಮ್ಮ ಚಿಕಿತ್ಸಾಲಯಕ್ಕೆ ಶ್ರೀಮಠದ ಭಕ್ತರೊಬ್ಬರು ಬಂದಿದ್ದರು. ಬಂದವರು ರೋಗಿಯಲ್ಲ, ರೋಗಿಯ ಮಗ. ಅವರ ತಂದೆಯವರಿಗೆ 79 ವರ್ಷ. ತುಮಕೂರು ಸೀಮೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಬೋಧಿಸಿ ನಿವೃತ್ತರಾದವರು. ಪಾರ್ಶ್ವವಾಯುವಿನ ತರುವಾಯ ಮೂತ್ರದ ಹಿಡಿತ ತಪ್ಪಿ, 11 ತಿಂಗಳಿಂದ ಹಗಲಿರುಳೂ ಡೈಪರ್ ಧರಿಸುತ್ತಿದ್ದರು. ತೊಡೆಯ ಸಂದಿನಲ್ಲಿ ಚರ್ಮ ಸುಲಿದು ಉರಿಯಾಗುತ್ತಿದೆ, ಏನಾದರೂ ಮುಲಾಮು ಕೊಡಿ ಎಂಬುದು ಮಗನ ಕೋರಿಕೆ. ರೋಗಿಯನ್ನು ನೋಡದೆ ಔಷಧ ಕೊಡುವ ಪದ್ಧತಿ ನಮ್ಮದಲ್ಲವಾದ್ದರಿಂದ ಅಂದು ಸಂಜೆ ಮನೆಗೇ ಹೋದೆವು.

ಅಲ್ಲಿ ಎರಡು ಸಂಗತಿಗಳು ಕಣ್ಣಿಗೆ ಬಿದ್ದವು. ಮೊದಲನೆಯದು, ಕೀವು ಒಸರುತ್ತಿದ್ದ ಹಸಿ ಚರ್ಮದ ಮೇಲೆ ಭಕ್ತಿಯಿಂದ ವಿಭೂತಿಯನ್ನು ಉದುರಿಸಿದ್ದರು. ಎರಡನೆಯದು, ಹಿರಿಯರ ಇಷ್ಟಲಿಂಗವಿದ್ದ ಕರಡಿಗೆ ಅವರ ಎದೆಯ ಮೇಲಿರದೆ ಪೂಜೆಯ ಗೂಡಿನಲ್ಲಿತ್ತು. ಕಾರಣ ಕೇಳಿದಾಗ ಅವರು ಗೋಡೆಯ ಕಡೆಗೆ ಮುಖ ತಿರುಗಿಸಿ, "ಈ ಮೈಲಿಗೆ ಕಟ್ಟಿಕೊಂಡು ಲಿಂಗ ಮುಟ್ಟಲೇ ಡಾಕ್ಟರೇ?" ಎಂದರು. ಹನ್ನೊಂದು ತಿಂಗಳಿಂದ ಅವರು ಪೂಜೆ ಮಾಡಿರಲಿಲ್ಲ. ಬಾಲ್ಯದಲ್ಲಿ ದೀಕ್ಷೆ ಪಡೆದಂದಿನಿಂದ ಒಂದು ದಿನವೂ ತಪ್ಪಿಸದವರು.

ಚರ್ಮದ ಗಾಯ ಮೂರು ವಾರಗಳಲ್ಲಿ ಮಾಯಿತು. ಆ ಎರಡನೆಯ ಗಾಯದ ಮಾತನ್ನು ಮುಂದೆ ಹೇಳುತ್ತೇವೆ. ಈ ಲೇಖನವನ್ನು ಬರೆಯಲು ಕಾರಣವಾದದ್ದು ಅದೇ. ಮಠದ ಪತ್ರಿಕೆಯಲ್ಲಿ ಮಲಮೂತ್ರಗಳ ವಿಚಾರವೇ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ನಮ್ಮ ಬಡಾವಣೆಯ ಆಸುಪಾಸಿನಲ್ಲಿಯೇ ನಿಮ್ಹಾನ್ಸ್, ಕಿದ್ವಾಯಿ ಆಸ್ಪತ್ರೆ, ಸಂಜಯ್ ಗಾಂಧಿ ಮೂಳೆ ಆಸ್ಪತ್ರೆಗಳಿವೆ. ಅಲ್ಲಿಂದ ಬಿಡುಗಡೆ ಹೊಂದಿ ಮನೆಗೆ ಮರಳುವ ರೋಗಿಗಳಲ್ಲಿ ಅನೇಕರು ಕೈಯಲ್ಲಿ ಔಷಧದ ಚೀಟಿಯೊಂದಿಗೆ ಒಂದು ಡೈಪರ್ ಪೊಟ್ಟಣವನ್ನೂ ಹಿಡಿದು ಬರುತ್ತಾರೆ. ಔಷಧ ನುಂಗುವ ಕ್ರಮವನ್ನು ಎಲ್ಲರೂ ಹೇಳಿರುತ್ತಾರೆ. ಡೈಪರಿನೊಳಗಿನ ಚರ್ಮವನ್ನು ಕಾಯುವ ಕ್ರಮವನ್ನು ಬಹುತೇಕ ಯಾರೂ ಹೇಳಿರುವುದಿಲ್ಲ.

ಚರ್ಮ ಕೆಡುವುದು ಹೇಗೆ

ಆರೋಗ್ಯವಂತರ ಚರ್ಮದ ಮೇಲ್ಮೈ ಸ್ವಲ್ಪ ಹುಳಿಯ ಗುಣದ್ದು, ಅಂದರೆ ಆಮ್ಲೀಯವಾದುದು. ಪಿಎಚ್ ಎಂಬ ಮಾಪನದಲ್ಲಿ ಅದು ಸುಮಾರು 5ರ ಆಸುಪಾಸಿನಲ್ಲಿರುತ್ತದೆ. ಈ ಹುಳಿಯೇ ಚರ್ಮದ ಕೋಟೆ. ರೋಗಾಣುಗಳು ಅಲ್ಲಿ ಬೇರೂರಲಾರವು. ಆಗ ತಾನೇ ವಿಸರ್ಜಿತವಾದ ಮೂತ್ರವೂ ಸಾಮಾನ್ಯವಾಗಿ ಅಷ್ಟೇನೂ ಹಾನಿಕರವಲ್ಲ. ಹಾನಿ ಶುರುವಾಗುವುದು ಅದು ನಿಂತಾಗ. ಮೂತ್ರದಲ್ಲಿರುವ ಯೂರಿಯಾವನ್ನು ಸೂಕ್ಷ್ಮಾಣುಗಳು ಒಡೆದು ಅಮೋನಿಯಾ ಮಾಡುತ್ತವೆ. ಬಹಳ ಹೊತ್ತು ಬದಲಿಸದ ಡೈಪರನ್ನು ಬಿಚ್ಚಿದಾಗ ಮೂಗಿಗೆ ಬಡಿಯುವ ಘಾಟು ಅದೇ. ಅಮೋನಿಯಾ ಕ್ಷಾರವಾದ್ದರಿಂದ ಚರ್ಮದ ಹುಳಿ ಮುರಿಯುತ್ತದೆ. ಅದರ ಜೊತೆಗೆ ಮಲವೂ ಸೇರಿದರೆ ಅನರ್ಥ ದ್ವಿಗುಣ. ಆಹಾರದ ಕೊಬ್ಬನ್ನೂ ಸಸಾರಜನಕವನ್ನೂ ಜೀರ್ಣಿಸುವ ಕಿಣ್ವಗಳ ಅಂಶ ಮಲದಲ್ಲಿ ಉಳಿದಿರುತ್ತದೆ. ಕ್ಷಾರದ ವಾತಾವರಣ ದೊರೆತೊಡನೆ ಅವು ಚುರುಕಾಗಿ ಚರ್ಮವನ್ನೇ ಜೀರ್ಣಿಸತೊಡಗುತ್ತವೆ. ತೆಳುವಾದ ಭೇದಿಯಲ್ಲಿ ಇವುಗಳ ಪ್ರಮಾಣ ಹೆಚ್ಚು. ಆದ್ದರಿಂದಲೇ ಎರಡು ದಿನದ ಭೇದಿ ಎರಡು ತಿಂಗಳ ಮೂತ್ರಕ್ಕಿಂತ ಹೆಚ್ಚು ಗಾಯ ಮಾಡಬಲ್ಲದು.

ಇದರೊಂದಿಗೆ ತೇವ. ಬಟ್ಟೆ ಒಗೆದ ಕೈಬೆರಳುಗಳು ಬೆಳ್ಳಗಾಗಿ ನೆರಿಗೆಗಟ್ಟುವುದನ್ನು ನಾವೆಲ್ಲ ನೋಡಿದ್ದೇವೆ. ಹಾಗೆ ನೆನೆದ ಚರ್ಮ ಮೆದುವಾಗಿ, ಹಾಸಿಗೆಯಲ್ಲಿ ಸ್ವಲ್ಪ ಜರುಗಿಸಿದರೂ ಸುಲಿಯುತ್ತದೆ. ಮುಪ್ಪಿನಲ್ಲಿ ಚರ್ಮ ಮೊದಲೇ ಕಾಗದದಂತೆ ತೆಳ್ಳಗಾಗಿರುತ್ತದೆ.

ಇದು ಹೊಸ ಕಾಲದ ಹೊಸ ರೋಗವೆಂದು ತಿಳಿಯಬಾರದು. ಸುಶ್ರುತ ಸಂಹಿತೆಯ ನಿದಾನಸ್ಥಾನದ 13ನೆಯ ಅಧ್ಯಾಯದಲ್ಲಿ ಕ್ಷುದ್ರರೋಗಗಳ ನಡುವೆ 'ಅಹಿಪೂತನ' ಎಂಬ ವ್ಯಾಧಿಯ ವಿವರಣೆಯಿದೆ. ಮಲಮೂತ್ರಗಳಿಂದ ಲಿಪ್ತವಾದ ಅಂಗವನ್ನು ತೊಳೆಯದೆ ಬಿಟ್ಟಾಗ, ಬೆವರು ನಿಂತಾಗ, ಶಿಶುವಿನ ಗುದಭಾಗದಲ್ಲಿ ತುರಿಕೆ ಹುಟ್ಟಿ, ತುರಿಸಿದಂತೆ ಗುಳ್ಳೆಗಳೆದ್ದು ಸ್ರಾವವಾಗುವುದೆಂದು ಅಲ್ಲಿ ಹೇಳಿದೆ. ಅದರ ಹಿಂದೆಯೇ 'ವೃಷಣಕಚ್ಛು' ಬರುತ್ತದೆ. ಸ್ನಾನವಿಲ್ಲದ ಪುರುಷರ ವೃಷಣದಲ್ಲಿ ಮಲಿನತೆ ನಿಂತು, ಬೆವರಿನಿಂದ ನೆನೆದು ಆಗುವ ತುರಿಗಜ್ಜಿ. ಎರಡರಲ್ಲಿಯೂ ದೋಷ ಕಫ ಮತ್ತು ರಕ್ತ. ಕಾರಣ ನಿಂತ ಮಲಿನತೆ ಮತ್ತು ತೇವ. ಡೈಪರ್ ಎಂಬ ವಸ್ತು ಇಲ್ಲದ ಕಾಲದಲ್ಲಿ ಬರೆದ ಈ ನಿದಾನ ಇಂದಿಗೂ ಅಕ್ಷರಶಃ ಸರಿ. ಶಿಶುವಿನಲ್ಲಿ ಹೇಳಿದ್ದನ್ನು ವೃದ್ಧರಿಗೂ ಅನ್ವಯಿಸಬೇಕಷ್ಟೆ.

ಡೈಪರಿನ ಆಯ್ಕೆ ಮತ್ತು ಬದಲಾವಣೆ

ಡೈಪರಿನ ಒಡಲಲ್ಲಿ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಬಿಳಿಯ ಹರಳುಪುಡಿ ಇರುತ್ತದೆ. ಶುದ್ಧ ನೀರನ್ನು ಅದು ತನ್ನ ತೂಕದ ನೂರಾರು ಪಟ್ಟು ಹೀರಬಲ್ಲದು. ಆದರೆ ಮೂತ್ರದಲ್ಲಿ ಲವಣಗಳಿರುವುದರಿಂದ ಅಷ್ಟು ಹೀರಲಾರದು. ಪೊಟ್ಟಣದ ಮೇಲೆ 8 ಗಂಟೆ, 10 ಗಂಟೆ ಎಂದು ಮುದ್ರಿಸಿರುವುದನ್ನು ನಂಬಿ ಕುಳಿತುಕೊಳ್ಳುವವರಿಗೆ ಇದು ತಿಳಿದಿರಬೇಕು. ಆ ಅವಧಿ ಡೈಪರ್ ಸೋರದಿರುವ ಅವಧಿ. ಚರ್ಮ ಕೆಡದಿರುವ ಅವಧಿಯಲ್ಲ.

ಹಗಲಿನಲ್ಲಿ ಎರಡು ಗಂಟೆಗೊಮ್ಮೆ ನೋಡಬೇಕು, ಮೂರು-ನಾಲ್ಕು ಗಂಟೆಗೊಮ್ಮೆ ಬದಲಿಸಬೇಕು. ಮಲವಿಸರ್ಜನೆಯಾದರೆ ಗಡಿಯಾರ ನೋಡುವ ಪ್ರಶ್ನೆಯೇ ಇಲ್ಲ, ಆ ಕ್ಷಣವೇ ಬದಲಿಸಬೇಕು. ರಾತ್ರಿ ಹೆಚ್ಚು ಹೀರುವ ಡೈಪರ್ ಹಾಕಿ, ಮಲಗುವ ಮುನ್ನ ಮತ್ತು ಬೆಳಗಿನ ಜಾವ ಬದಲಿಸಿದರೆ, ಚರ್ಮ ಚೆನ್ನಾಗಿರುವವರಿಗೆ ಸಾಕು. ನಿದ್ರೆಯೂ ಒಂದು ಔಷಧವೇ. ಆದರೆ ಚರ್ಮ ಈಗಾಗಲೇ ಕೆಂಪಾಗಿದ್ದರೆ ನಡುರಾತ್ರಿ ಒಮ್ಮೆ ಏಳಲೇಬೇಕು.

ಖರ್ಚಿನ ಮಾತನ್ನು ಮರೆಮಾಚಿ ಉಪದೇಶ ಮಾಡುವುದು ಸುಲಭ. ದಿನಕ್ಕೆ ಐದಾರು ಡೈಪರ್ ಎಂದರೆ ಮಧ್ಯಮ ವರ್ಗದ ಮನೆಗೂ ಹೊರೆ. ಹಾಗಾಗಿ ಒಂದನ್ನೇ ದಿನವಿಡೀ ಎಳೆಯುವ ಮನೆಗಳನ್ನು ನಾವು ದೂರುವುದಿಲ್ಲ. ಅಂಥವರಿಗೆ ಒಂದು ದಾರಿ: ಹಗಲು ಮಂಚದ ಮೇಲಿರುವಷ್ಟು ಹೊತ್ತು ಡೈಪರ್ ಬಿಚ್ಚಿ, ಕೆಳಗೆ ರಬ್ಬರ್ ಶೀಟು, ಅದರ ಮೇಲೆ ಹಳೆಯ ಪಂಚೆಯೋ ಹತ್ತಿಯ ಸೀರೆಯೋ ಎರಡು ಮೂರು ಮಡಿಕೆ ಹಾಸಿ, ಒದ್ದೆಯಾದೊಡನೆ ಬಟ್ಟೆ ಬದಲಿಸುವುದು. ನಮ್ಮ ಅಜ್ಜಿಯರ ಕ್ರಮವೇ ಇದು. ಚರ್ಮಕ್ಕೆ ಗಾಳಿಯೂ ದೊರೆಯುತ್ತದೆ. ಆ ಬಟ್ಟೆಯಲ್ಲಿ ಸೋಪಿನ ಅಂಶ ಉಳಿಯದಂತೆ ಮೂರು ನೀರಿನಲ್ಲಿ ಜಾಲಿಸಬೇಕು. ರಬ್ಬರ್ ಶೀಟು ನೇರವಾಗಿ ಮೈಗೆ ತಾಗಕೂಡದು.

ಅಳತೆಯನ್ನು ಸೊಂಟದ ಸುತ್ತಳತೆ ತೆಗೆದು ನೋಡಿ ಕೊಳ್ಳಬೇಕು. ದೊಡ್ಡದಾದರೆ ಹೆಚ್ಚು ಹೀರುತ್ತದೆಂಬುದು ತಪ್ಪು ತಿಳಿವಳಿಕೆ. ಸಡಿಲವಾದದ್ದು ತೊಡೆಯ ಬದಿಯಿಂದ ಸೋರುತ್ತದೆ, ಬಿಗಿಯಾದದ್ದರ ಅಂಚು ತೊಡೆಯನ್ನು ಕೊರೆಯುತ್ತದೆ. ಒಂದರ ಮೇಲೊಂದು ಎರಡು ಡೈಪರ್ ಹಾಕುವವರೂ ಇದ್ದಾರೆ; ಒಳಗಿನದರ ಹೊರಪದರ ಪ್ಲಾಸ್ಟಿಕ್ ಆದ್ದರಿಂದ ಮೂತ್ರ ಹೊರಗಿನದಕ್ಕೆ ದಾಟುವುದಿಲ್ಲ, ಬಿಸಿ ಮಾತ್ರ ಹೆಚ್ಚುತ್ತದೆ. ಹಾಸಿಗೆ ಹಿಡಿದವರಿಗೆ ಬದಿಯಲ್ಲಿ ಅಂಟುಪಟ್ಟಿಯಿರುವುದು ಅನುಕೂಲ. ನಡೆದಾಡುವವರಿಗೆ ಚಡ್ಡಿಯಂತೆ ಏರಿಸುವುದು ಒಳ್ಳೆಯದು, ಏಕೆಂದರೆ ಅವರು ತಾವೇ ಕೆಳಗಿಳಿಸಿ ಶೌಚಾಲಯಕ್ಕೆ ಹೋಗಬಲ್ಲರು.

ಹೋಗಬಲ್ಲವರನ್ನು ಹೋಗಲು ಬಿಡಬೇಕು ಎಂಬುದನ್ನು ಇಲ್ಲಿಯೇ ಒತ್ತಿ ಹೇಳುತ್ತೇವೆ. "ಡೈಪರ್ ಹಾಕಿದೆಯಲ್ಲ, ಅದರಲ್ಲೇ ಮಾಡಿಕೊಳ್ಳಿ" ಎಂಬ ಮಾತನ್ನು ನಾವು ಆಸ್ಪತ್ರೆಗಳಲ್ಲಿ ಕೇಳಿದ್ದೇವೆ, ಸಂಬಳದ ದಾದಿಯರ ಬಾಯಲ್ಲಿ ಕೇಳಿದ್ದೇವೆ, ಹೆತ್ತ ಮಕ್ಕಳ ಬಾಯಲ್ಲಿಯೂ ಕೇಳಿದ್ದೇವೆ. ಬುದ್ಧಿ ಸ್ಪಷ್ಟವಿರುವ ಒಬ್ಬ ಹಿರಿಯರಿಗೆ ಇದಕ್ಕಿಂತ ಕ್ರೂರವಾದ ಮಾತು ಇನ್ನೊಂದಿಲ್ಲ. ವೇಗಗಳನ್ನು ತಡೆಯಬಾರದು ಎಂದು ಚರಕರೂ ವಾಗ್ಭಟರೂ ಹೇಳಿದ್ದು ಶರೀರದ ಸಂಜ್ಞೆಗೆ ಮನ್ನಣೆ ಕೊಡಬೇಕೆಂಬ ಅರ್ಥದಲ್ಲಿ. "ಹೋಗಬೇಕು" ಎಂದು ಬಾಯಿಬಿಟ್ಟು ಹೇಳಿದವರನ್ನು ಹಾಸಿಗೆಯಲ್ಲಿಯೇ ತಡೆದರೆ ಕೆಲವು ವಾರಗಳಲ್ಲಿ ಆ ಸಂಜ್ಞೆಯೇ ಮಂಕಾಗುತ್ತದೆ. ಎರಡು ಗಂಟೆಗೊಮ್ಮೆ ಕೈಹಿಡಿದು ಕರೆದೊಯ್ದರೆ, ಇಲ್ಲವೇ ಮಂಚದ ಬಳಿ ಕಮೋಡ್ ಕುರ್ಚಿ ಇಟ್ಟರೆ, ಡೈಪರ್ ಇದ್ದೂ ಒಣಗಿಯೇ ಇರುವ ದಿನಗಳನ್ನು ನಾವು ನೋಡಿದ್ದೇವೆ. ಜೊತೆಗೆ, ಮೂತ್ರ ಸೋರುವುದು ಮುಪ್ಪಿನ ಸಹಜ ಲಕ್ಷಣವೆಂದು ಕೈಚೆಲ್ಲಬಾರದು. ಪ್ರಾಸ್ಟೇಟ್ ಗ್ರಂಥಿ, ಗರ್ಭಕೋಶದ ಜಾರುವಿಕೆ, ಮಧುಮೇಹ, ಮೂತ್ರದ ಸೋಂಕು, ನುಂಗುತ್ತಿರುವ ಮಾತ್ರೆಗಳು, ಇವುಗಳಲ್ಲಿ ಯಾವುದು ಕಾರಣವೆಂದು ಒಮ್ಮೆಯಾದರೂ ತಜ್ಞರಲ್ಲಿ ಪರೀಕ್ಷಿಸಿಕೊಳ್ಳಬೇಕು. ಹೆರಿಗೆಯ ನಂತರ ಸಡಿಲಗೊಂಡ ಸ್ನಾಯುಗಳಿಗೆ ಅಮೆರಿಕೆಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಕಟಿಸಿದ ಸಂಕೋಚನ ವ್ಯಾಯಾಮ ಇಂದಿಗೂ ಮೊದಲ ಚಿಕಿತ್ಸೆ.

ತೊಳೆಯುವುದು, ಒಣಗಿಸುವುದು, ಲೇಪಿಸುವುದು

ಶುಚಿ ಮಾಡಲು ಉಗುರುಬೆಚ್ಚಗಿನ ನೀರು, ಮೆತ್ತನೆಯ ಹತ್ತಿ ಬಟ್ಟೆ ಸಾಕು. ಪ್ರತಿ ಬಾರಿಯೂ ಸೋಪು ಹಚ್ಚುವುದು ತಪ್ಪು. ಸ್ನಾನದ ಸಾಬೂನುಗಳಲ್ಲಿ ಬಹುಪಾಲು ಕ್ಷಾರೀಯ. ಅಮೋನಿಯಾ ಮಾಡಿದ ಹಾನಿಯನ್ನೇ ಅವೂ ಮುಂದುವರಿಸುತ್ತವೆ. ಕೊಳವೆ ಬಾವಿಯ ಗಡಸು ನೀರಿರುವ ಮನೆಗಳಲ್ಲಿ ಸೋಪಿನ ಜಿಡ್ಡು ಚರ್ಮದ ಮೇಲೆಯೇ ಉಳಿಯುತ್ತದೆ. ಮಲವಿಸರ್ಜನೆಯ ನಂತರ ಬೇಕೆನಿಸಿದರೆ ಪಿಎಚ್ 5.5 ಎಂದು ನಮೂದಿಸಿದ, ಪರಿಮಳವಿಲ್ಲದ ದ್ರವ ಮಾರ್ಜಕವನ್ನು ಸ್ವಲ್ಪವೇ ಬಳಸಬಹುದು. ಡೆಟಾಲ್ ಬೆರೆಸಿದ ನೀರು, ಸೀಗೆಪುಡಿ, ಕಡಲೆಹಿಟ್ಟು, ನಿಂಬೆರಸ, ಇವೊಂದೂ ಆ ಭಾಗಕ್ಕೆ ಸಲ್ಲವು.

ಸ್ತ್ರೀಯರಲ್ಲಿ ಯಾವಾಗಲೂ ಮುಂದಿನಿಂದ ಹಿಂದಕ್ಕೆ ಒರೆಸಬೇಕು. ಹಿಂದಿನಿಂದ ಮುಂದಕ್ಕೆ ಒರೆಸಿದರೆ ಮಲದ ರೋಗಾಣು ಮೂತ್ರನಾಳ ಸೇರುತ್ತದೆ. ಪುರುಷರಲ್ಲಿ ಮುಂದೊಗಲನ್ನು ಸುಲಭವಾಗಿ ಬರುವಷ್ಟು ಮಾತ್ರ ಹಿಂದೆ ಸರಿಸಿ, ತೊಳೆದು, ಮರೆಯದೆ ಮತ್ತೆ ಮುಂದಕ್ಕೆ ತರಬೇಕು. ಹಿಂದೆಯೇ ಬಿಟ್ಟರೆ ಊದಿಕೊಂಡು ಸಿಕ್ಕಿಹಾಕಿಕೊಳ್ಳುವ ಅಪಾಯವಿದೆ. ವೃಷಣದ ಅಡಿ, ತೊಡೆಸಂದು, ಸ್ಥೂಲಕಾಯರಲ್ಲಿ ಹೊಟ್ಟೆಯ ಮಡಿಕೆಯ ಕೆಳಭಾಗ, ಈ ಮರೆಯ ಜಾಗಗಳಲ್ಲಿಯೇ ರೋಗ ಹುಟ್ಟುವುದು.

ಒರೆಸುವಾಗ ಉಜ್ಜದೆ, ಬಟ್ಟೆಯನ್ನು ಒತ್ತಿ ಒತ್ತಿ ತೆಗೆಯಬೇಕು. ಅನಂತರ ಹತ್ತು ಹದಿನೈದು ನಿಮಿಷ ಹಾಗೆಯೇ ತೆರೆದಿಟ್ಟು, ಮೇಲೊಂದು ಹಗುರ ಬಟ್ಟೆ ಹೊದಿಸಿ, ಫ್ಯಾನಿನ ಗಾಳಿಗೆ ಆರಗೊಡಬೇಕು. ಮಾನ ಮುಚ್ಚುವ ಆ ಬಟ್ಟೆಯನ್ನು ಮರೆಯಬೇಡಿ. ಬಾಗಿಲು ಹಾಕಿ, ಮೊದಲು ಹೇಳಿ, ಆಮೇಲೆ ಕೈ ಹಾಕಿ.

ಒಣಗಿದ ಮೇಲೆ ತೆಳುವಾದ ರಕ್ಷಾಲೇಪ. ಸತುವಿನ ಭಸ್ಮವುಳ್ಳ, ಅಂದರೆ ಝಿಂಕ್ ಆಕ್ಸೈಡ್ ಇರುವ ಮುಲಾಮು, ವ್ಯಾಸಲೀನ್, ಇಲ್ಲವೇ ಡೈಮೆಥಿಕೋನ್ ಇರುವ ಲೇಪ, ಇವುಗಳಲ್ಲಿ ಯಾವುದಾದರೂ ಒಂದು. ಚರ್ಮ ಒಡೆದಿರದೆ, ಕೇವಲ ಕೆಂಪಾಗಿ ಉರಿಯುತ್ತಿದ್ದರೆ ಶತಧೌತ ಘೃತವನ್ನು ನಾವು ಕೊಡುತ್ತೇವೆ. ತುಪ್ಪವನ್ನು ತಾಮ್ರದ ಪಾತ್ರೆಯಲ್ಲಿ ನೀರಿನೊಡನೆ ನೂರು ಬಾರಿ ಮಥಿಸಿ ತೊಳೆದಾಗ ಅದು ಬೆಣ್ಣೆಗಿಂತ ಬೆಳ್ಳಗೆ, ಜಿಡ್ಡಿಲ್ಲದ ಲೇಪವಾಗುತ್ತದೆ. ಉರಿಯನ್ನು ಬೇಗ ಶಮನಗೊಳಿಸುತ್ತದೆ. ಒಸರುವ ಗಾಯದ ಮೇಲೆ ಇದನ್ನು ಹಚ್ಚಬಾರದು.

ಎಷ್ಟು ತೆಳುವೆಂದರೆ, ಲೇಪದ ಕೆಳಗಿನ ಚರ್ಮದ ಬಣ್ಣ ಕಾಣುತ್ತಿರಬೇಕು. ಇದನ್ನು ನಾವು ಕಲಿತದ್ದು ನಮ್ಮ ತಪ್ಪಿನಿಂದ. ಸುಮಾರು 20 ವರ್ಷಗಳ ಹಿಂದೆ ನಮ್ಮ ತಾಯಿಯವರು ಸೊಂಟದ ಮೂಳೆ ಮುರಿದು ಮಲಗಿದ್ದಾಗ, ವೈದ್ಯನಾದ ಮಗನ ಉತ್ಸಾಹದಲ್ಲಿ ತುಪ್ಪವನ್ನು ಧಾರಾಳವಾಗಿ, ಬೆರಳಿನ ದಪ್ಪಕ್ಕೆ ಬಳಿಯುತ್ತಿದ್ದೆವು. ಡೈಪರ್ ಹೀರುತ್ತಲೇ ಇರಲಿಲ್ಲ. ಎರಡೂ ಬದಿ ಸೋರಿ, ಬೆನ್ನಿನವರೆಗೂ ತೇವ ಏರಿ, ನಾಲ್ಕೇ ದಿನಗಳಲ್ಲಿ ಗಾಯ ಇಮ್ಮಡಿಯಾಯಿತು. ಜಿಡ್ಡು ಡೈಪರಿನ ಮೇಲ್ಪದರದ ರಂಧ್ರಗಳನ್ನು ಮುಚ್ಚಿಬಿಡುತ್ತದೆಂದು ನಮಗೆ ತಿಳಿಸಿದವರು ನಮ್ಮ ಚಿಕಿತ್ಸಾಲಯದ ಸಹಾಯಕಿ. ಆಕೆ ವೈದ್ಯಶಾಸ್ತ್ರ ಓದಿದವರಲ್ಲ, ಆದರೆ ತಮ್ಮ ಅತ್ತೆಯವರನ್ನು ಆರು ವರ್ಷ ನೋಡಿಕೊಂಡವರು. ಅವ್ವ ಮಾತ್ರ ಒಂದು ಮಾತೂ ಆಡಲಿಲ್ಲ. ಮಗ ಮಾಡುತ್ತಿರುವುದು ಸರಿಯಿದ್ದೀತು ಎಂದು ಉರಿಯನ್ನು ಸಹಿಸಿಕೊಂಡಿದ್ದರು.

ಇನ್ನೊಂದು ಸೂಚನೆ: ಪ್ರತಿ ಬಾರಿಯೂ ಹಳೆಯ ಲೇಪವನ್ನು ಸಂಪೂರ್ಣ ಕೆರೆದು ತೆಗೆಯಬೇಡಿ. ಮಲ ತಗುಲಿದ ಮೇಲ್ಪದರವನ್ನಷ್ಟೇ ಒರೆಸಿ, ಅದರ ಮೇಲೆ ಹೊಸದನ್ನು ಸವರಿದರೆ ಸಾಕು. ಕೆರೆಯುವುದರಲ್ಲಿಯೇ ಚರ್ಮ ಸುಲಿದುಹೋಗುತ್ತದೆ.

ಟಾಲ್ಕಂ ಪೌಡರನ್ನು ದಯವಿಟ್ಟು ಬಿಡಿ. ತೇವಕ್ಕೆ ಅದು ಮುದ್ದೆಗಟ್ಟಿ ಮಡಿಕೆಗಳಲ್ಲಿ ಮರಳಿನಂತೆ ಉಜ್ಜುತ್ತದೆ. ವಿಭೂತಿಯ ವಿಷಯದಲ್ಲಿ ಭಕ್ತರು ಬೇಸರಿಸಬಾರದು. ಹಣೆಯ ಮೇಲಿನ ವಿಭೂತಿಗೆ ಅದರದೇ ಸ್ಥಾನವಿದೆ. ಆದರೆ ಬೂದಿ ಸ್ವಭಾವತಃ ಕ್ಷಾರ. ಕ್ಷಾರದಿಂದಲೇ ಸುಟ್ಟ ಚರ್ಮದ ಮೇಲೆ ಮತ್ತೊಂದು ಕ್ಷಾರವನ್ನು ಹಾಕಿದಂತಾಗುತ್ತದೆ. ಮೊದಲು ಹೇಳಿದ ಹಿರಿಯರ ಗಾಯ ಉಲ್ಬಣಿಸಿದ್ದಕ್ಕೆ ಇದೂ ಒಂದು ಕಾರಣ. ಅರಿಶಿನವೂ ಕೆಲವರಿಗೆ ಅಲರ್ಜಿ ತರುತ್ತದೆ. ಮೇಲಾಗಿ ಅದರ ಬಣ್ಣದಡಿಯಲ್ಲಿ ಚರ್ಮದ ನಿಜಸ್ಥಿತಿ ಕಾಣುವುದಿಲ್ಲ.

ಗಾಯಗಳನ್ನು ಗುರುತಿಸುವುದು

ಪಾಶ್ಚಾತ್ಯರ ಪುಸ್ತಕಗಳಲ್ಲಿ 'ಕೆಂಪಾಗುವುದು' ಮೊದಲ ಲಕ್ಷಣ. ನಮ್ಮವರ ಕಪ್ಪು, ಎಣ್ಣೆಗೆಂಪು ಚರ್ಮದಲ್ಲಿ ಕೆಂಪು ಸ್ಪಷ್ಟವಾಗಿ ಕಾಣದು. ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿ ಅಥವಾ ನೇರಳೆಯಾಗಿ ಕಾಣುವುದು, ಕೈಯ ಹಿಂಬದಿ ಇಟ್ಟರೆ ಬೆಚ್ಚಗಿರುವುದು, ಹೊಳಪುಗಟ್ಟುವುದು, ಇವನ್ನು ನೋಡಬೇಕು. ಹಗಲು ಬೆಳಕಿನಲ್ಲಿ ದಿನಕ್ಕೊಮ್ಮೆ ನೋಡಬೇಕು.

ತೊಡೆಸಂದಿನಲ್ಲಿ ಕೆಂಪು ಹರಡಿ, ಅದರ ಅಂಚಿನಾಚೆ ಸಣ್ಣ ಸಣ್ಣ ಗುಳ್ಳೆಗಳು ಚೆದುರಿದ ಚುಕ್ಕಿಗಳಂತೆ ಕಂಡು, ತುರಿಕೆ ಹೆಚ್ಚಾಗಿದ್ದರೆ ಅದು ಬಹುಮಟ್ಟಿಗೆ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು. ಈ ಹಂತದಲ್ಲಿ ನಮ್ಮ ಲೇಪಗಳಿಗಿಂತ ಕ್ಲೋಟ್ರಿಮಜೋಲ್‌ನಂಥ ಆಧುನಿಕ ಮುಲಾಮು ಬೇಗ ಗುಣ ಕೊಡುತ್ತದೆ. ಆಯುರ್ವೇದ ವೈದ್ಯರಾದ ನಮಗೆ ಇದನ್ನು ಒಪ್ಪಲು ಸಂಕೋಚವಿಲ್ಲ. ಚರ್ಮವೈದ್ಯರ ಬಳಿಗೆ ಕಳುಹಿಸುತ್ತೇವೆ. ತ್ರಿಫಲಾ ಕಷಾಯದಿಂದ ತೊಳೆಯುವುದು ಪ್ರಾಚೀನ ಕ್ರಮ. ಅದರ ಒಗರು ಒಸರುವಿಕೆಯನ್ನು ತಗ್ಗಿಸುತ್ತದೆ. ಅಂದಂದೇ ಕುದಿಸಿ, ಬಟ್ಟೆಯಲ್ಲಿ ಸೋಸಿ, ಆರಿಸಿ ಬಳಸಬೇಕು. ನಿನ್ನೆಯ ಕಷಾಯ ಸ್ವತಃ ಸೋಂಕಿನ ಮೂಲ. ಔಷಧದಂಗಡಿಯವರು ಚೀಟಿಯಿಲ್ಲದೆ ಕೊಡುವ, ಸ್ಟಿರಾಯ್ಡ್ ಬೆರೆತ ಮಿಶ್ರ ಮುಲಾಮುಗಳ ಬಗ್ಗೆ ಎಚ್ಚರವಿರಲಿ. ಎರಡೇ ದಿನಗಳಲ್ಲಿ ತುರಿಕೆ ನಿಂತು ಮನಸ್ಸಿಗೆ ಹಿತವಾಗುತ್ತದೆ. ಒಳಗೆ ಶಿಲೀಂಧ್ರ ಬೆಳೆಯುತ್ತದೆ, ಚರ್ಮ ಇನ್ನಷ್ಟು ತೆಳ್ಳಗಾಗುತ್ತದೆ. ಡೈಪರಿನ ಮುಚ್ಚಿಗೆಯಲ್ಲಿ ಸ್ಟಿರಾಯ್ಡ್ ಹೀರಿಕೆಯೂ ಹೆಚ್ಚು.

ಮಧುಮೇಹಿಗಳು ಒಂದು ವಿಷಯವನ್ನು ಗಮನಿಸಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಅವು ಒಳ್ಳೆಯವೇ. ಆದರೆ ಡೈಪರ್ ಧರಿಸುವವರಲ್ಲಿ ಸಿಹಿ ಮೂತ್ರ ಚರ್ಮದ ಮೇಲೆ ನಿಂತರೆ ಶಿಲೀಂಧ್ರಕ್ಕೆ ಔತಣವಿಟ್ಟಂತೆ. ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ. ಡೈಪರ್ ಧರಿಸುತ್ತಿರುವ ಸಂಗತಿಯನ್ನು ಮಧುಮೇಹದ ವೈದ್ಯರಿಗೆ ತಿಳಿಸಿ. ಬಹುತೇಕರು ನಾಚಿಕೆಯಿಂದ ಇದನ್ನು ಹೇಳಿರುವುದೇ ಇಲ್ಲ.

ಗಾಯವು ಬೆನ್ನ ಕೆಳಗಿನ ತ್ರಿಕಾಸ್ಥಿಯ ಮೇಲೆ, ಪೃಷ್ಠದ ಮೂಳೆಯ ಮೇಲೆ, ಒಂದೇ ಕಡೆ ದುಂಡಗೆ, ಸ್ಪಷ್ಟ ಅಂಚಿನಿಂದ ಕೂಡಿದ್ದರೆ ಅದು ಡೈಪರಿನ ಗಾಯವಲ್ಲ, ಒತ್ತಡದ ಹುಣ್ಣು. ಬೆರಳಿಂದ ಒತ್ತಿ ಬಿಟ್ಟಾಗ ಬಣ್ಣ ಬದಲಾಗದಿದ್ದರೆ ಅಪಾಯ ಆರಂಭವಾಗಿದೆ ಎಂದೇ ತಿಳಿಯಬೇಕು. ಮುಲಾಮಿನಿಂದ ಅದು ಮಾಯದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದೇ ಅದರ ಚಿಕಿತ್ಸೆ. ನಡುವೆ ತೂತಿರುವ ರಬ್ಬರ್ ಉಂಗುರದ ಮೇಲೆ ಕೂರಿಸಬೇಡಿ, ಸುತ್ತಲಿನ ರಕ್ತಸಂಚಾರವೇ ತಡೆಯುತ್ತದೆ. ಗಾಯದ ತಳ ಕಪ್ಪಾದರೆ, ದುರ್ವಾಸನೆ ಬಂದರೆ, ಜ್ವರ ಬಂದರೆ, ವೃಷಣ ಊದಿ ತೀವ್ರ ನೋವಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ನಾಳೆ ಎನ್ನಬಾರದು.

ನೀರು ಕುಡಿಯುವ ಮಾತು

ಮೂತ್ರ ಕಡಿಮೆಯಾಗಲೆಂದು ನೀರು ಕುಡಿಯುವುದನ್ನೇ ಬಿಡುವ ಹಿರಿಯರು ಪ್ರತಿ ಬಡಾವಣೆಯಲ್ಲಿಯೂ ಇದ್ದಾರೆ. ಸೊಸೆಗೆ ತೊಂದರೆಯಾಗಬಾರದೆಂಬ ಒಳ್ಳೆಯತನವೇ ಇದಕ್ಕೆ ಕಾರಣ. ಫಲ ಮಾತ್ರ ವಿಪರೀತ. ಮೂತ್ರ ದಟ್ಟವಾಗಿ ಚರ್ಮವನ್ನು ಹೆಚ್ಚು ಸುಡುತ್ತದೆ, ಮೂತ್ರಕೋಶವನ್ನು ಕೆರಳಿಸಿ ಪದೇ ಪದೇ ಸೋರಿಸುತ್ತದೆ, ಮಲಬದ್ಧತೆ ಬರುತ್ತದೆ. ಗಟ್ಟಿಯಾದ ಮಲ ಗುದದಲ್ಲಿ ಸಿಕ್ಕಿಕೊಂಡಾಗ ಅದರ ಬದಿಯಿಂದ ನೀರಾದ ಮಲ ಜಿನುಗುತ್ತದೆ. ಮನೆಯವರು ಅದನ್ನು ಭೇದಿಯೆಂದು ಭಾವಿಸಿ ಭೇದಿ ನಿಲ್ಲುವ ಮಾತ್ರೆ ಕೊಟ್ಟು ಕಷ್ಟವನ್ನು ಹೆಚ್ಚಿಸುತ್ತಾರೆ. ಹೃದಯ ಅಥವಾ ಮೂತ್ರಪಿಂಡದ ಕಾರಣ ವೈದ್ಯರು ಮಿತಿ ಹೇಳಿರದಿದ್ದರೆ, ಬೆಳಗಿನಿಂದ ಸಂಜೆ ಆರರವರೆಗೆ ಸ್ವಲ್ಪ ಸ್ವಲ್ಪವಾಗಿ ನೀರು, ಮಜ್ಜಿಗೆ, ಗಂಜಿ ಕೊಟ್ಟು, ಮಲಗುವ ಮೊದಲು ಕಡಿಮೆ ಮಾಡಿದರೆ ಸಾಕು. ಸಂಜೆಯ ಮೇಲಿನ ಕಾಫಿಯನ್ನು ಬಿಡಬೇಕು. ಇದಕ್ಕೆ ಒಪ್ಪುವವರು ವಿರಳ ಎಂಬುದೂ ನಮಗೆ ಗೊತ್ತು.

ಹಾಸಿಗೆ ಹಿಡಿದ ಪುರುಷರಿಗೆ ರಾತ್ರಿಯಷ್ಟೇ ಕಾಂಡೋಮ್ ಕ್ಯಾತಿಟರ್ ತೊಡಿಸುವುದೂ ಒಂದು ಉಪಾಯ. ದಿನವೂ ಬಿಚ್ಚಿ ಚರ್ಮವನ್ನು ನೋಡಬೇಕು, ಸುತ್ತ ಬಿಗಿಯಾದ ಪಟ್ಟಿ ಕಟ್ಟಕೂಡದು.

ಆ ಹಿರಿಯರ ಪೂಜೆ

ನಾವು ವೈದ್ಯರು, ಧರ್ಮದ ವಿಷಯದಲ್ಲಿ ತೀರ್ಪು ಹೇಳುವ ಅಧಿಕಾರ ನಮಗಿಲ್ಲ. ಆದ್ದರಿಂದ ಅವರ ಪ್ರಶ್ನೆಯನ್ನು ಹಾಗೆಯೇ ಹೊತ್ತು ಮಠದ ಹಿರಿಯರೊಬ್ಬರಲ್ಲಿ ನಿವೇದಿಸಿಕೊಂಡೆವು. ಅವರು ನಮ್ಮನ್ನೇ ಮರುಪ್ರಶ್ನಿಸಿದರು: ಜನನ, ಮರಣ, ರಜಸ್ಸು, ಎಂಜಲು, ಜಾತಿ, ಈ ಐದು ಸೂತಕಗಳನ್ನೂ ಶರಣರು ಒಪ್ಪಲಿಲ್ಲವಷ್ಟೆ, ಹಾಗಿರುವಾಗ ರೋಗದ ಸೂತಕವೊಂದನ್ನು ಹೊಸದಾಗಿ ಹುಟ್ಟಿಸಿದವರು ಯಾರು? ಲಿಂಗವಿರುವುದು ಎದೆಯ ಮೇಲೆ, ಪೂಜೆ ನಡೆಯುವುದು ಎಡ ಅಂಗೈಯಲ್ಲಿ. ಆ ಅಂಗೈ ತೊಳೆದಿದ್ದರೆ ಸಾಕಲ್ಲವೆ ಎಂದರು.

ಈ ಉತ್ತರವನ್ನು ಒಯ್ದು ತಿಳಿಸಿದಾಗ ಹಿರಿಯರು ತಕ್ಷಣ ಒಪ್ಪಲಿಲ್ಲ. ಎಂಟು ದಿನ ಯೋಚಿಸಿದರು. ಅನಂತರ ಮಗನಿಗೆ ಹೇಳಿ ದಿನಚರಿಯನ್ನು ಹೀಗೆ ಇರಿಸಿಕೊಂಡರು: ಬೆಳಿಗ್ಗೆ ಆರಕ್ಕೆ ಡೈಪರ್ ಬದಲಾವಣೆ, ಮೈ ಒರೆಸುವುದು, ಶುಭ್ರವಾದ ಪಂಚೆ, ಕೈ ತೊಳೆದು ಪೂಜೆ. ಪಾರ್ಶ್ವವಾಯುವಿನಿಂದ ಎಡಗೈ ಸೋತಿರುವುದರಿಂದ ಆ ಅಂಗೈಯನ್ನು ಕೆಳಗಿನಿಂದ ಮಗ ಹಿಡಿದಿರುತ್ತಾರೆ. ಇದರ ವೈದ್ಯಕೀಯ ಲಾಭವನ್ನು ನಾವು ನಿರೀಕ್ಷಿಸಿರಲಿಲ್ಲ. ಬೆಳಗಿನ ಆ ಶುಚಿತ್ವ ತಪ್ಪದೆ ಕಾಲಕ್ಕೆ ಸರಿಯಾಗಿ ನಡೆಯತೊಡಗಿತು. ತೊಳೆಯುವಾಗ ಮೈ ಬಿಗಿಹಿಡಿದು ವಿರೋಧಿಸುತ್ತಿದ್ದವರು ಈಗ ತಾವೇ ಮಗ್ಗುಲಾಗುತ್ತಾರೆ. ಒತ್ತಾಯದ ಎಳೆದಾಟದಿಂದ ಆಗುತ್ತಿದ್ದ ಸುಲಿತ ನಿಂತಿತು.

ಸೇವೆ ಯಾರು ಮಾಡಬೇಕು ಎಂಬ ಪ್ರಶ್ನೆಯೂ ಉಂಟು. ಮಾವನವರನ್ನು ಸೊಸೆ ತೊಳೆಯುವುದು ಇಬ್ಬರಿಗೂ ಮುಜುಗರ. ಸಂಕೋಚದಲ್ಲಿ ಅರ್ಧ ತೊಳೆದು ಮುಗಿಸಿಬಿಡುತ್ತಾರೆ, ರೋಗ ಉಳಿಯುವುದು ಅಲ್ಲಿಯೇ. ದಿನದಲ್ಲಿ ಕನಿಷ್ಠ ಎರಡು ಬಾರಿ, ಬೆಳಿಗ್ಗೆ ಕಚೇರಿಗೆ ಹೊರಡುವ ಮುನ್ನ ಮತ್ತು ರಾತ್ರಿ, ಮಗನೇ ಕೈಹಾಕಲಿ ಎಂದು ನಾವು ನಿಷ್ಠುರವಾಗಿ ಹೇಳುತ್ತೇವೆ. ಕೆಲವರಿಗೆ ನಮ್ಮ ಮಾತು ಹಿಡಿಸುವುದಿಲ್ಲ.

ಬಳಸಿದ ಡೈಪರನ್ನು ಏನು ಮಾಡಬೇಕು ಎಂಬುದನ್ನೂ ಹೇಳಬೇಕಾಗಿದೆ. ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇದು ನೈರ್ಮಲ್ಯ ತ್ಯಾಜ್ಯ. ಮಲವಿದ್ದರೆ ಮೊದಲು ಶೌಚಾಲಯದಲ್ಲಿ ಹಾಕಿ ನೀರು ಬಿಡಬೇಕು. ಡೈಪರನ್ನು ಮಾತ್ರ ಎಂದಿಗೂ ಅದರೊಳಗೆ ಹಾಕಬಾರದು. ಹರಳುಪುಡಿ ಉಬ್ಬಿ ಕೊಳವೆ ಕಟ್ಟಿಕೊಳ್ಳುತ್ತದೆ. ಒಳಮುಖವಾಗಿ ಸುರುಳಿ ಸುತ್ತಿ, ಅದರದೇ ಪಟ್ಟಿಯಿಂದ ಅಂಟಿಸಿ, ಹಳೆಯ ಪತ್ರಿಕೆಯಲ್ಲಿ ಪೊಟ್ಟಣ ಕಟ್ಟಿ, ಕೆಂಪು ಶಾಯಿಯಲ್ಲಿ ಎದ್ದು ಕಾಣುವಂತೆ ಗುರುತು ಹಾಕಿ, ಹಸಿ ಕಸಕ್ಕೂ ಒಣ ಕಸಕ್ಕೂ ಸೇರಿಸದೆ ಪ್ರತ್ಯೇಕವಾಗಿ ಪೌರಕಾರ್ಮಿಕರಿಗೆ ಕೊಡಬೇಕು. ಗುರುತಿಲ್ಲದ ಪೊಟ್ಟಣವನ್ನು ಅವರು ಬರಿಗೈಯಲ್ಲಿ ಬಿಚ್ಚಿ ನೋಡಬೇಕಾಗುತ್ತದೆ. ವಿಲ್ಸನ್ ಗಾರ್ಡನ್ನಿನ ನಮ್ಮ ರಸ್ತೆಗೆ ಬೆಳಿಗ್ಗೆ ಗಾಡಿ ತರುವ ತಾಯಿಯೊಬ್ಬರು, "ಕೆಂಪು ಗುರ್ತು ಇದ್ರೆ ಸಾಕು ಸ್ವಾಮಿ, ನಾವು ಪಕ್ಕಕ್ಕಿಡ್ತೀವಿ" ಎಂದು ನಮಗೆ ಹೇಳಿದ್ದಾರೆ. ಆ ಹಿರಿಯರ ಮನೆಯಲ್ಲಿ ಈಗ ಗುರುತು ಹಾಕುವ ಕೆಲಸ ಹಿರಿಯರದೇ. ಬಲಗೈ ಚೆನ್ನಾಗಿದೆ, ನಿವೃತ್ತ ಮೇಷ್ಟರ ಕೆಂಪು ಪೆನ್ನು ಇನ್ನೂ ಬರೆಯುತ್ತದೆ.